ಕೊಂಡಮ್ಮನ ಹುಲ್ಲು

ಚಿಂತಾಮಣಿ ಕಡೆ, ಅಂಬಾಜಿದುರ್ಗದ ತಪ್ಪಲಿನ ಒಂದು ಊರು. ಅಲ್ಲಿ ಕೊಂಡಮ್ಮನ ಸಿಟ್ಟು ಗೊತ್ತಿಲ್ಲದ ಮನೆಯಿಲ್ಲ. ಆದರೆ ಆ ಸೋಮವಾರ ಎದ್ದ ಸಿಟ್ಟನ್ನು ಗಂಡ ನಲ್ಲಪ್ಪನೂ ಅದುವರೆಗೆ ಕಂಡಿರಲಿಲ್ಲ.

ಕೊಂಡಮ್ಮನದು ಜೇಕು ಹುಲ್ಲು ಕಿತ್ತು ಕಿತ್ತು ಕಾಯಿಗಟ್ಟಿದ ಕೈ. ರಾಗಿ ಹೊಲದಲ್ಲಿ ಕಳೆ ತೆಗೆಯುವಾಗ ಅವಳಿಗೆ ಕಣ್ಣೇ ಬೇಕಿರಲಿಲ್ಲ. ಕಡ್ಡಿ ಬೆರಳಿಗೆ ಮೂರಂಚಾಗಿ ತಗುಲಿತೋ, ಕಿತ್ತು ಎಸೆದದ್ದೇ. ಅಂಥವಳು ಚಿಕ್ಕಬಳ್ಳಾಪುರದ ಹತ್ತಿರದ ಒಂದು ನರ್ಸರಿಗೆ ಕೂಲಿಗೆ ಹೋದಾಗ, ಜೇಕಿನ ಜಾತಿಯದೇ ಗಿಡವೊಂದು ಕಪ್ಪು ಕವರಿನಲ್ಲಿ ಠೀವಿಯಿಂದ ಕೂತಿತ್ತು. ಬಾಗಿದ ಎಲೆ, ಎಲೆಯಂಚಿಗೆ ಬೆಣ್ಣೆ ಬಣ್ಣದ ಗೆರೆ.

"ಇದನ್ನೂ ದುಡ್ಡು ಕೊಟ್ಟು ತಗೊಂಡೋಗ್ತಾರಾ? ನಮ್ಮೂರಿಗೆ ಬಂದ್ರೆ ಲೋಡುಗಟ್ಟಲೆ ಬಿಟ್ಟಿ ಕೊಡ್ತೀನಿ!" ಎಂದು ನಕ್ಕಳು. ನಕ್ಕವಳೇ ಒಂದು ದಿನ ತಿಪ್ಪೆಗೆಸೆದ ಅದರದೇ ಬಾಡಿದ ಬುಡವೊಂದನ್ನು ಸೆರಗಿನಲ್ಲಿ ಕಟ್ಟಿ ತಂದಳು. ನೆಟ್ಟಳು, ಅದು ಮೈದುಂಬಿದಾಗ ಬುಡ ಸೀಳಿ ಮತ್ತೆ ನೆಟ್ಟಳು. ಬಚ್ಚಲ ನೀರು ಹರಿಯುವ ಅಂಗಳದ ಅಂಚಿಗೆ ಉದ್ದ ಸಾಲು, ಜಗಲಿಯ ಪಕ್ಕ ಪೇಂಟಿನ ಬಕೆಟ್ಟುಗಳಲ್ಲಿ ಇನ್ನಷ್ಟು. ಹೊಲ, ಮನೆ, ಹಸು ಎಲ್ಲಕ್ಕೂ ಊರು ನಲ್ಲಪ್ಪನ ಹೆಸರೇ ಹೇಳುತ್ತಿತ್ತು. ಈ ಒಂದನ್ನು ಮಾತ್ರ 'ಕೊಂಡಮ್ಮನ ಹುಲ್ಲು' ಎನ್ನುತ್ತಿತ್ತು.

ಆ ದಿನ ಅವಳು ಮೇವು ಹೊತ್ತು ಬಂದರೆ ಅಂಗಳದ ತುಂಬ ಔಷಧಿ ನಾತ.

"ಏನ್ರೀ ಹೊಡೆದ್ರಿ ಇದಕ್ಕೆ?"

"ಬದುವಿಗೆ ಹೊಡೆದು ಕ್ಯಾನಲ್ಲಿ ಒಸಿ ಕಳೆ ಔಷಧಿ ಮಿಕ್ಕಿತ್ತು ಕಣೇ. ನಾಳೆ ಅದೇ ಕ್ಯಾನು ಟೊಮೇಟೊಗೆ ಬೇಕಲ್ಲ, ಅದಕ್ಕೇ ಈ ಜೇಕಿಗೆ ಬಿಟ್ಟು ಖಾಲಿ ಮಾಡ್ದೆ."

ಹೊರೆ ಧೊಪ್ಪನೆ ಬಿತ್ತು. "ಇಷ್ಟು ವರ್ಷ ನಾನು ನೀರು ಹೊಯ್ದಿದ್ದು ನಿನ್ನ ಕಣ್ಣಿಗೆ ಬೀಳಲೇ ಇಲ್ವೇನೋ?"

"ಬಿಡೇ, ಹುಲ್ಲು ತಾನೆ. ಮತ್ತೆ ಬರ್ತದೆ."

"ನಿನ್ನ ಮೀಸೇನೂ ಮತ್ತೆ ಬರ್ತದೆ. ತಾ ಆ ಕ್ಯಾನು, ಅದಕ್ಕೂ ಒಂದ್ ಕೈ ಹೊಡೀತೀನಿ!"

ಗೋಡೆಯಾಚೆಯಿಂದ ಪಕ್ಕದ ಮನೆ ವೆಂಕಟರತ್ನಮ್ಮ ಇಣುಕಿದಳು. "ಹೊಡಿ ಕೊಂಡಕ್ಕ, ತಲೆ ನಾನು ಹಿಡ್ಕೋತೀನಿ!"

ಕೊಂಡಮ್ಮ ನಗಲಿಲ್ಲ. ಔಷಧಿ ಎಲೆಯಿಂದ ಬೇರಿಗಿಳಿದರೆ ಮುಗಿಯಿತು. ಕುಡುಗೋಲು ತಂದು ಗಂಡನ ಕೈಗೆ ತುರುಕಿದಳು.

"ಕೂತ್ಕೊ. ಬುಡಕ್ಕೆ ಕೊಯ್ಯಿ. ಒಂದೆಲೆ ಉಳೀಕೂಡ್ದು."

"ಬೀದೀಲಿ ಜನ ನೋಡ್ತಾರೆ ಕಣೇ."

"ನೋಡ್ಲಿ. ಹೊಡಿಯೋವಾಗ ನಾಚಿಕೆ ಆಯ್ತಾ?"

ನಲ್ಲಪ್ಪ ಕುಕ್ಕರುಗಾಲಲ್ಲಿ ಕೂತು ಕೊಯ್ದ. ಹಸು ಬಾಯಿ ಹಾಕದಂತೆ ಅವಳು ಆ ಎಲೆಗಳನ್ನು ಗುಂಡಿಗೆ ತುಂಬಿ ಮಣ್ಣೆಳೆದಳು.

ಎಲ್ಲಕ್ಕಿಂತ ಕೊನೆಗೆ ಔಷಧಿ ಬಿದ್ದಿದ್ದ ಬಕೆಟ್ಟಿನ ಗಿಡಗಳು ಚಿಗುರಿದವು, ಸಾಲಿನಲ್ಲೂ ಅರ್ಧ ಚಿಗುರಿತು. ಅವನು ಮೊದಲು ಔಷಧಿ ಹೊಡೆದಿದ್ದ ಬಾಗಿಲ ಕಡೆಯ ಬುಡಗಳು ಕಪ್ಪಾಗಿ ಕೊಳೆತವು. ನಲ್ಲಪ್ಪ ಚಿಂತಾಮಣಿಯಿಂದ ಒಂದು ಗುಲಾಬಿ ಗಿಡ ತಂದು ಅಲ್ಲಿಟ್ಟ. ಅವಳು ಅದನ್ನೆತ್ತಿ ವೆಂಕಟರತ್ನಮ್ಮನಿಗೆ ಕೊಟ್ಟುಬಿಟ್ಟಳು. ಉಳಿದ ಬುಡ ಸೀಳಿ ನೆಟ್ಟಿದ್ದರೆ ಒಂದು ಮಳೆಗಾಲಕ್ಕೆ ಆ ಜಾಗ ತುಂಬುತ್ತಿತ್ತು. ನೆಡಲಿಲ್ಲ. ದಿನಾ ಗುಡಿಸಿ ಬೋಳಾಗಿಯೇ ಇಟ್ಟಳು.

ನೆಂಟರು ಬಂದವರೆಲ್ಲ ಕೇಳುತ್ತಾರೆ: "ಇದೇನು, ಇಲ್ಲಿ ಮಾತ್ರ ಬೋಳು?"

"ಜಗಲಿ ಮೇಲೆ ಕೂತವ್ರಲ್ಲ, ಅವ್ರನ್ನೇ ಕೇಳಿ."

ನಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಗೊಣಗುತ್ತಾನೆ: "ನಾನೇ ಔಷಧಿ ಹೊಡೆದೆ."

"ಜೋರಾಗಿ ಹೇಳು," ಒಳಗಿನಿಂದ ಕೊಂಡಮ್ಮನ ದನಿ. "ಅವ್ರಿಗೆ ಕೇಳಿಸ್ಲಿಲ್ಲ."