ಒಂಬತ್ತು ಹೊಡೆತ

ಬನಹಟ್ಟಿಯ ನಮ್ಮ ಮನೆಗೆ ಬಂದ ನೂಲಿನ ಪೆಟ್ಟಿಗೆಯಲ್ಲಿ ಸಂದು ತುಂಬಲು ತುರುಕಿದ್ದ ರದ್ದಿಯಲ್ಲಿ ಆ ಪತ್ರಿಕೆ ಮೊದಲು ಸಿಕ್ಕಿತು. ಗಾಲ್ಫ್ ಆಟದ ಇಂಗ್ಲಿಷ್ ಮಾಸಪತ್ರಿಕೆ. ಓದಿ ದಂಗಾದೆ. ಎಪ್ಪತ್ತರ ದಶಕ, ನಮ್ಮ ಓಣಿಯಲ್ಲಿ ಕುಡಿಯುವ ನೀರಿಗೆ ಕೊಡಗಳ ಸಾಲು. ಆ ಗಾಲ್ಫ್ ಮೈದಾನದಲ್ಲಿ ಹುಲ್ಲಿಗೆ ದಿನಕ್ಕೆ ಎರಡು ಹೊತ್ತು ನೀರು ಬಿಡುತ್ತಿದ್ದರು, ಅದೂ ಒಂದು ಎಮ್ಮೆಯೂ ಬಾಯಿ ಹಾಕದ ಹುಲ್ಲಿಗೆ. ಸಿಟ್ಟು ಬಂತು. ಸಿಟ್ಟಿನಲ್ಲೇ ಇನ್ನೊಮ್ಮೆ ಓದಿದೆ, ಮರುವಾರ ಚಂದಾ ಕಳಿಸಿದೆ.

ಯಾವುದೋ ಬೆಟ್ಟದೂರಿನ ಮುದುಕನೊಬ್ಬ ತಾನೇ ಬರೆದು ಅಚ್ಚು ಹಾಕಿಸುತ್ತಿದ್ದ ತೆಳ್ಳನೆಯ ಪತ್ರಿಕೆ ಅದು. ದೊಡ್ಡ ಆಟಗಾರರ ಸುದ್ದಿಯೇ ಇಲ್ಲ. ಅವನ ಮೊಣಕಾಲು ನೋವು, ಚೆಂಡು ಕದಿಯುವ ಕಾಗೆ, ಇಬ್ಬನಿಯ ಮೇಲೆ ಚೆಂಡು ಉರುಳಿ ಬಿಟ್ಟ ಗೆರೆ, ಇಂಥವೇ. ನಾನು ಜಮಖಂಡಿಯ ಸಾಲೆಯೊಂದರಲ್ಲಿ ಇಂಗ್ಲಿಷ್ ಮಾಸ್ತರ. ಸಂಜೆ ಬಸ್ಸಿನಲ್ಲಿ ಅದನ್ನು ಓದುತ್ತ ಒಬ್ಬನೇ ನಗುತ್ತಿದ್ದೆ. ಕಂಡಕ್ಟರ್ ನನ್ನನ್ನು ಒಂದು ನಮೂನಿ ನೋಡುತ್ತಿದ್ದ.

ಕೊನೆಯ ಪುಟ ಮಾತ್ರ ಅಪ್ಪನಿಗೆ ಮೀಸಲು. ತನ್ನ ಮೈದಾನದ ಕಡೆಯ ಕುಳಿಗೆ ನಾಲ್ಕೇ ಹೊಡೆತದಲ್ಲಿ ಚೆಂಡು ಹಾಕಬೇಕೆಂಬುದು ಆ ಮುದುಕನ ಹಟ. ಪ್ರತಿ ತಿಂಗಳೂ ಸೋಲುತ್ತಿದ್ದ, ಸೋತದ್ದನ್ನು ಬರೆಯುತ್ತಿದ್ದ. ಪಕ್ಕದಲ್ಲಿ ಚೌಕಳಿ ಹಾಳೆಯ ಮೇಲೆ ಮೈದಾನದ ನಕ್ಷೆ, ಹೊಡೆದ ಜಾಗಕ್ಕೊಂದು ಚುಕ್ಕೆ. ಎಡಗಾಲಿಗೆ ಲಕ್ವಾ ಹೊಡೆದು ಅಪ್ಪ ಕಾಲಿನಿಂದ ತುಳಿದು ನೇಯುವ ಕುಣಿಮಗ್ಗ ಬಿಟ್ಟು ಎರಡು ವರ್ಷವಾಗಿತ್ತು. ಯಾರೊಂದಿಗೂ ಮಾತಿಲ್ಲ. ಕನ್ನಡದ ಅಕ್ಷರವೂ ಬಾರದ ಅವನು ಈ ಒಂದು ಪುಟವನ್ನು ಮಾತ್ರ ನನ್ನಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿ ಕೇಳುತ್ತಿದ್ದ. ಓದಿದ ಮೇಲೆ ಪತ್ರಿಕೆ ತನ್ನ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಒಂದು ಸಲ ಅಪ್ಪನಿಗೆ ಜ್ವರ ಬಂತು. ಮೂರು ದಿನ ಗಂಜಿಯನ್ನೂ ಮುಟ್ಟಲಿಲ್ಲ. ಇನ್ನು ಇವನು ಏಳುವುದಿಲ್ಲವೇನೋ ಎಂದು ನನಗೆ ಹೆದರಿಕೆ ಹತ್ತಿತ್ತು. ಆ ತಿಂಗಳೇ ಮುದುಕ ಒಂಬತ್ತು ಹೊಡೆತ ತೆಗೆದುಕೊಂಡಿದ್ದ, ಹಿಂದೆಂದೂ ಇಷ್ಟು ಕೆಟ್ಟದಾಗಿ ಆಡಿರಲಿಲ್ಲ. ಹಾಗೇ ಓದಲು ಬಾಯಿ ಬರಲಿಲ್ಲ. ನಾಲ್ಕರಲ್ಲೇ ಗೆದ್ದನೆಂದೆ, ಗೆದ್ದು ಟೊಪ್ಪಿಗೆ ಹಾರಿಸಿದನೆಂದೂ ಸೇರಿಸಿದೆ.

ಅಪ್ಪ ನಗಲಿಲ್ಲ. ಪತ್ರಿಕೆ ಇಸಿದುಕೊಂಡು ನಕ್ಷೆಯ ಮೇಲೆ ಬೆರಳಿಟ್ಟ. ಬೆರಳು ಚೌಕದಿಂದ ಚೌಕಕ್ಕೆ ಸರಿಯಿತು, ಚುಕ್ಕೆ ಸಿಕ್ಕಲ್ಲಿ ನಿಂತಿತು. ಆಗ ನನಗೆ ನೆನಪಾಯಿತು. ಸೀರೆಯ ದಡಿಯ ನಕ್ಷೆಯನ್ನು ಇಂಥದೇ ಹಾಳೆಯಲ್ಲಿ, ಒಂದು ಚೌಕಕ್ಕೆ ಒಂದು ಎಳೆಯಂತೆ, ಜೀವಮಾನವಿಡೀ ಎಣಿಸಿದ ಕೈ ಅದು. ಇಂಗ್ಲಿಷ್ ಮಾಸ್ತರನಿಗೆ ಇಷ್ಟು ಹೊಳೆಯಬಾರದೇ?

“ಒಂಬತ್ತ,” ಅಂದ ಅಪ್ಪ. “ಪ್ರತಿ ತಿಂಗಳಾ ಎಣಸ್ತೀನಿ. ಇವತ್ತ ಯಾಕ ಸುಳ್ಳ ಓದಿದಿ?”

ಕೇಳಿದರೆ ನಿನಗೆ ಖುಷಿಯಾದೀತು ಅಂತ, ಎಂದು ತೊದಲಿದೆ.

“ನಾಕರಾಗ ಮುಗದ್ರ ಆತಲ್ಲ ಅವನ ಕಥಿ. ಬರೋ ತಿಂಗಳ ತನಕಾ ನಾ ಯಾತಕ್ಕ ಕಾಯ್ಲಿ?”

ಅಪ್ಪ ಪತ್ರಿಕೆಯನ್ನು ನನ್ನ ಕೈಗೆ ತುರುಕಿದ. ಮೊದಲ ಹೊಡೆತದಿಂದ ಮತ್ತೆ ಓದತೊಡಗಿದೆ, ಒಂದನ್ನೂ ಬಿಡಲಿಲ್ಲ. ಏಳನೆಯ ಹೊಡೆತಕ್ಕೆ ಚೆಂಡು ಕೆರೆಗೆ ಬಿದ್ದಾಗ ಅಪ್ಪ ಗಂಜಿ ಕೇಳಿದ.