ವೇಳೆ ಉಳಿದರೆ

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಉಳಿದದ್ದನ್ನು ಬರೆಯುವುದು ನನ್ನಿಂದಾಗದ ಮಾತು. ನಮ್ಮ ಸುಶೀಲಾಳ ಪ್ರಬಂಧ ಅಚ್ಚಾಗುತ್ತದೆ! ಇಲ್ಲಿ ಧಾರವಾಡದ ಕಾಲೇಜಿನಲ್ಲಿ ಮೂರು ದಿನ ವಿದ್ವಾಂಸರ ಪರಿಷತ್ತು ನಡೆಯಿತಲ್ಲ, ಅದರ ಪುಸ್ತಕದಲ್ಲಿ, ರುಮಾಲು ಸುತ್ತಿದ ದೊಡ್ಡ ದೊಡ್ಡ ಪಂಡಿತರ ಬರಹಗಳ ನಡುವೆ, ಬಿ.ಎ. ಓದುವ ನನ್ನ ಮೊಮ್ಮಗಳ ಬರಹವೂ ಬರುತ್ತದೆ. ನಿನ್ನೆ ಸಂಜೆ ಎಲ್ಲರ ಎದುರಿಗೆ ಹೆಸರು ಓದಿದರು. ಓದುವವರು ಅವಳ ಹೆಸರಿಗೆ ಬಂದಾಗಲೇ ನಿಂತು ಕನ್ನಡಕ ಒರೆಸಿಕೊಳ್ಳಬೇಕೆ? ಆ ಅಷ್ಟು ಹೊತ್ತಿನಲ್ಲಿ ನನಗೆ ಇನ್ನೂ ಹತ್ತು ವರ್ಷ ವಯಸ್ಸಾಯಿತು.

ಬೆಳಗಿನಿಂದ ಹಾಲಿನವಳಿಗೆ ಹೇಳಿದ್ದಾಯಿತು, ಟಾಂಗಾದವನಿಗೆ ಹೇಳಿದ್ದಾಯಿತು, ಹೆಬ್ಬಳ್ಳಿಯಿಂದ ಬೆಣ್ಣೆ ತಂದವಳಿಗೆ ಎರಡು ಸಲ ಹೇಳಿದ್ದಾಯಿತು. ಓಣಿಯಲ್ಲಿ ಇನ್ನು ಕೇಳುವವರು ಯಾರೂ ಉಳಿದಿಲ್ಲ. ಅದಕ್ಕೇ ನಿಮ್ಮನ್ನು ಹಿಡಿದು ಕೂಡಿಸಿದ್ದೇನೆ. ನಾನು ಕಲಿತದ್ದು ಎರಡನೇ ಇಯತ್ತೆ. ಬರೆದದ್ದನ್ನು ಸುಶೀಲಾ ತಿದ್ದಿ ನೆಟ್ಟಗೆ ಮಾಡಿದ್ದಾಳೆ. ಆದರೆ ಅವಳನ್ನು ಹೊಗಳಿದ ಸಾಲುಗಳನ್ನು ಹೊಡೆದುಹಾಕಲು ಬಂದಾಗ ನಾನು ಕಾಗದ ಕಸಿದುಕೊಂಡಿದ್ದೇನೆ.

ಪರಿಷತ್ತು ಎಂದರೆ ಏನೆಂದು ನನಗೆ ಮೊದಲು ಗೊತ್ತಿರಲಿಲ್ಲ. ಕೀರ್ತನೆಯ ಹಾಗೆ ಇರಬಹುದೆಂದು ತಿಳಿದು ಮೊದಲನೆಯ ದಿನ ಚಾಪೆ ಸುರುಳಿ ಸುತ್ತಿಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ಎಲ್ಲರಿಗೂ ಕುರ್ಚಿ! ಮೂರು ದಿನ ಕೂತು ತಿಳಿದುಕೊಂಡದ್ದನ್ನು ಹೇಳುತ್ತೇನೆ. ಒಬ್ಬರು ಎದ್ದು, ವೇಳೆ ಕಡಿಮೆ ಇರುವುದರಿಂದ ಎರಡೇ ಮಾತು ಹೇಳುವೆನೆಂದು ಒಂದು ತಾಸು ಹೇಳುತ್ತಾರೆ. ಅವರು ಕೂತ ಮೇಲೆ ಇನ್ನೊಬ್ಬರು ಎದ್ದು, ಹಿಂದಿನವರು ಬಹಳ ಚೆನ್ನಾಗಿ ಹೇಳಿದರೆಂದು ಹೊಗಳಿ, ಅವರು ಹೇಳಿದ್ದೆಲ್ಲ ತಪ್ಪು ಎನ್ನುತ್ತಾರೆ. ನಮ್ಮ ಬೀಗರು ಜಗಳ ತೆಗೆಯುವುದೂ ಹೀಗೆಯೇ. ಆದರೆ ಅವರಿಗೆ ಗಾದಿಯ ಮುಂದೆ ನೀರಿನ ಗ್ಲಾಸು ಇಡುವುದಿಲ್ಲ.

ಮೊದಲನೆಯ ದಿನವೇ ಇಬ್ಬರು ಮುದುಕರು ಯಾವುದೋ ರಾಜನಿಗೆ ಪಟ್ಟವಾದ ವರ್ಷದ ಬಗ್ಗೆ ಜಗಳಕ್ಕೆ ಹತ್ತಿದರು. ಒಬ್ಬರು ಒಂದು ವರ್ಷ ಅಂದರೆ ಇನ್ನೊಬ್ಬರು ಅದಕ್ಕಿಂತ ಮೂರು ವರ್ಷ ಆಚೆಗೆ ಅಂದರು. ದನಿ ಏರಿತು, ಮೇಜು ಗುದ್ದಿದರು. ಹೊಲ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರನ್ನು ಕಂಡವಳು ನಾನು, ಇನ್ನು ಇವರ ಮನೆಗಳ ನಡುವೆ ನೀರು-ಬೆಂಕಿ ಕೊಟ್ಟುತರುವುದೂ ನಿಂತಿತು ಎಂದುಕೊಂಡೆ. ಸಂಜೆ ಹೊರಗೆ ಬಂದರೆ ಇಬ್ಬರೂ ಒಂದೇ ಟಾಂಗಾದಲ್ಲಿ ಕೂತು ಒಂದೇ ಡಬ್ಬಿಯ ಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ಅವತ್ತಿನಿಂದ ನನಗೆ ಪರಿಷತ್ತಿನ ಮೇಲೆ ಪ್ರೀತಿ ಹುಟ್ಟಿತು. ಹೀಗೆ ಜಗಳಾಡುವುದನ್ನು ನಮ್ಮ ಮಂದಿಗೆ ಯಾರಾದರೂ ಮೊದಲೇ ಕಲಿಸಿದ್ದರೆ ಎಷ್ಟು ಮನೆಗಳು ಒಡೆಯದೆ ಉಳಿಯುತ್ತಿದ್ದವೋ.

ಸುಶೀಲಾಳ ಪ್ರಬಂಧ ಕಸೂತಿಯ ಮೇಲೆ. ಹೋದ ವರ್ಷವಿಡೀ ಅವಳು ನನ್ನ ಮಗ್ಗುಲಲ್ಲಿ ವಹಿ ಹಿಡಿದು ಕೂತು, ಸೀರೆಯ ಸೆರಗಿನ ಮೇಲೆ ನಾನು ಗೋಪುರ, ನವಿಲು, ತೊಟ್ಟಿಲು ಹಾಕುವುದನ್ನು ನೋಡಿ ಬರೆದುಕೊಂಡಳು. ಎಷ್ಟು ಎಳೆ ಎಣಿಸಿದೆ, ಯಾರು ಕಲಿಸಿದರು, ಅವರಿಗೆ ಯಾರು ಕಲಿಸಿದರು ಎಂದು ಕೇಳಿ ಕೇಳಿ ನನ್ನ ಎಣಿಕೆಯನ್ನೇ ತಪ್ಪಿಸುತ್ತಿದ್ದಳು. ನಮ್ಮ ಮನೆಯವರು ಅಂಗಳದಲ್ಲಿ ಕೂತು ಚಾಷ್ಟಿ ಮಾಡಿ ನಗುತ್ತಿದ್ದರು.

"ಸೂಜಿ-ದಾರಕ್ಕೂ ಪರಿಷತ್ತ ಕೂಡತೈತೇನ? ನಾಳೆ ಒಲಿ ಊದೂದರ ಮ್ಯಾಲೂ ಪಂಡಿತರು ಭಾಷಣ ಮಾಡ್ತಾರ ತಗೋ."

"ಮಾಡಲಿ ಬಿಡ್ರಿ," ಅಂದೆ ನಾನು. "ಒಲಿ ಹೆಂಗ ಊದೂದಂತ ಆವಾಗರ ನಿಮಗ ತಿಳೀತೈತಿ."

ಪರಿಷತ್ತಿನವರು ಪ್ರಬಂಧ ತೆಗೆದುಕೊಂಡರು. ಆದರೆ ಅಚ್ಚು ಹಾಕಿದ ಕಾರ್ಯಕ್ರಮ ಪತ್ರಿಕೆ ಬಂದಾಗ ಸುಶೀಲಾಳ ಮುಖ ಸಣ್ಣದಾಯಿತು. ಅವಳ ಹೆಸರು ಕೊನೆಯ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ, ಎಲ್ಲರಿಗಿಂತ ಕೆಳಗೆ ಇತ್ತು. ಅದರ ಮುಂದೆ ಎರಡೇ ಶಬ್ದ: "ವೇಳೆ ಉಳಿದರೆ."

"ಆಯಿ, ಸಭಾದಾಗ ಓದಿದ್ದನ್ನಷ್ಟ ಪುಸ್ತಕದಾಗ ಹಾಕ್ತಾರ," ಅಂದಳು. "ಓದಲಿಲ್ಲಂದ್ರ ಹಂಗ ಮನಿಗೆ ತರೂದು."

ವೇಳೆ ಉಳಿಯುವುದಿಲ್ಲವೆಂದು ನನಗೆ ಎರಡು ದಿನದಲ್ಲೇ ಖಾತ್ರಿಯಾಯಿತು. ಎರಡೇ ಮಾತು ಹೇಳುತ್ತೇನೆ ಎನ್ನುವವರ ಊರಿನಲ್ಲಿ ವೇಳೆ ಎಲ್ಲಿಂದ ಉಳಿಯಬೇಕು? ಇನ್ನೊಂದು ಸಂಗತಿಯನ್ನೂ ಕಂಡುಹಿಡಿದೆ. ಅಧ್ಯಕ್ಷರು ಚೀಟಿ ಕಳಿಸಿದರೂ, ಕೆಮ್ಮಿದರೂ, ಗಡಿಯಾರ ತೋರಿಸಿದರೂ ನಿಲ್ಲದ ಪಂಡಿತರು ಊಟದ ಗಂಟೆಗೆ ಮಾತ್ರ ನಿಲ್ಲುತ್ತಾರೆ. ಶಬ್ದದ ಅರ್ಧಕ್ಕೇ ನಿಲ್ಲುತ್ತಾರೆ!

ಆ ಊಟದ ಕಡೆಗೆ ನನಗೂ ಸ್ವಲ್ಪ ಸಂಬಂಧವಿತ್ತು. ಹೊರ ಊರಿನಿಂದ ಬಂದವರಿಗಾಗಿ ಊರಿನ ಮನೆಮನೆಗಳಿಂದ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆವು. ಕೊನೆಯ ದಿನ ನಾನು ರೊಟ್ಟಿಯ ಬುಟ್ಟಿ ಇಳಿಸಿ, ಅಡಿಗೆಮನೆಯ ಬಾಗಿಲಲ್ಲೇ ನಿಂತೆ. ಅಲ್ಲಿಂದ ಸಭೆಯ ಕೋಣೆ ಕಾಣುತ್ತದೆ. ಸುಶೀಲಾ ಹಿಂದಿನ ಸಾಲಿನಲ್ಲಿ, ಕಾಗದಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮುಂದೆ ಅದೇ ಪಟ್ಟದ ವರ್ಷದ ಮುದುಕರಲ್ಲಿ ಒಬ್ಬರು ಮೊನ್ನೆ ಹೇಳಲು ಮರೆತದ್ದನ್ನು ಹೇಳುತ್ತಿದ್ದರು. ಅಷ್ಟರಲ್ಲಿ ಅಡಿಗೆಯ ಭೀಮಣ್ಣ ಹಂಡೆಯ ಮುಚ್ಚಳ ತೆಗೆದ.

"ಅನ್ನ ಆತ್ರಿ ಆಯಿ. ಗಂಟಿ ಬಾರಸ್ತೇನಿ."

ಗಂಟೆ ಎಂದರೆ ಜಂತಿಗೆ ತೂಗುಹಾಕಿದ ಒಂದು ಕಂಚಿನ ತಟ್ಟೆ. ಅದನ್ನು ಬಾರಿಸಲು ಒಂದು ಕಟ್ಟಿಗೆಯ ಬಡಿಗೆ. ನನಗೆ ಏನಾಯಿತೋ ಕಾಣೆ, ಆ ಬಡಿಗೆಯನ್ನು ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡೆ.

"ಅನ್ನ ಇನ್ನೂ ಆಗಿಲ್ಲ ಅನ್ನು ಭೀಮಣ್ಣ."

"ಆಗೇತಲ್ರಿ! ಬಂದು ನೋಡ್ರಿ, ಒಂದೊಂದು ಅಗಳ ಮಲ್ಲಿಗಿ ಆಗೇತಿ."

"ಮುಚ್ಚಿದರ ಯಾರಿಗೆ ಕಾಣತೈತಿ? ಮುಚ್ಚು."

"ಮುದ್ದಿ ಆಕ್ಕೈತ್ರಿ ಆಯಿ! ಇಪ್ಪತ್ತು ವರ್ಷ ಅಡಿಗಿ ಮಾಡೇನಿ, ನನ್ನ ಹೆಸರ ಕೆಡಸಬ್ಯಾಡ್ರಿ."

"ನನ್ನ ಹೆಸರ ಹೇಳು. ನಮ್ಮ ಹುಡುಗಿ ಬಾಯಿ ತೆರಿಯೂತನಕ ತಡಿ."

"ಆಕಿ ತೆರದ್ರ ಮುಚ್ಚೂದು ಯಾವಾಗ್ರಿ? ಒಳಗ ಹೋದವರು ಯಾರೂ ಮುಚ್ಚವಲ್ರು!"

ಕಾರ್ಯದರ್ಶಿಗಳು ಬಾಗಿಲಿಗೆ ಬಂದು ಇಣುಕಿದರು. "ಊಟ ತಯಾರಾತೇನ್ರಿ?" ಭೀಮಣ್ಣ ನನ್ನ ಕಡೆ ನೋಡಿದ. ನಾನು ದೇವರ ಕಡೆ ನೋಡಿದೆ. "ಇನ್ನೂ ಅರಳಿಲ್ಲರಿ," ಅಂದೆ. ಅರವತ್ತು ದಾಟಿದ ಮೇಲೆ ಹೇಳಿದ ಮೊದಲ ದೊಡ್ಡ ಸುಳ್ಳು. ಸಣ್ಣವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿರಿ.

ಮುಂದಿನದನ್ನು ಬಾಗಿಲ ಸಂದಿಯಿಂದ ಕಂಡೆ. ಪಟ್ಟದ ವರ್ಷದವರು ಗಂಟೆಯ ದಾರಿ ಕಾದು ಕಾದು, ಹೇಳುವುದೆಲ್ಲ ಮುಗಿದು, ತಾವಾಗಿಯೇ ಕೂತುಬಿಟ್ಟರು. ಮೂರು ದಿನದಲ್ಲಿ ಮೊದಲನೆಯ ಸಲ ಸಭೆಯಲ್ಲಿ ಸದ್ದಿಲ್ಲ. ಕಾರ್ಯದರ್ಶಿಗಳು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರು ಮೈಸೂರು ಕಡೆಯವರು, ಮೆತ್ತನೆಯ ಮಾತು.

"ಅನ್ನ ಆಗುವ ತನಕ ಸುಮ್ಮನೆ ಕೂರುವುದೇಕೆ? ಉಳಿದದ್ದು ಯಾವುದಿದೆ?"

"ಒಂದು ಹುಡುಗಿದು ಐತ್ರಿ. ಕಸೂತಿ."

"ಕರೆಯಿರಿ."

ಸುಶೀಲಾ ಎದ್ದಳು. ಮೊದಲ ಸಾಲುಗಳನ್ನು ಅವಸರದಲ್ಲಿ ಓದಿದಳು, ಆಮೇಲೆ ದನಿ ಗಟ್ಟಿಯಾಯಿತು. ಅವಳು ಓದಿದ್ದೆಲ್ಲ ನನಗೆ ತಿಳಿಯಿತೆಂದು ಹೇಳಿದರೆ ಎರಡನೆಯ ಸುಳ್ಳಾದೀತು. ಒಂದು ಮಾತು ಮಾತ್ರ ತಿಳಿಯಿತು. ಓದುಬರಹ ಬಾರದ ಹೆಂಗಸರು ಏನನ್ನೂ ಬರೆದಿಡಲಿಲ್ಲ ಎನ್ನುವುದು ಸರಿಯಲ್ಲ, ಅವರು ಎಳೆ ಎಣಿಸಿ ಬಟ್ಟೆಯ ಮೇಲೆ ಬರೆದಿಟ್ಟಿದ್ದಾರೆ, ನಾವು ಓದಲು ಕಲಿಯಬೇಕು ಅಂದಳು. ಎಷ್ಟೋ ವರ್ಷ ನಾನು ಸೆರಗು ಹೊಲಿಯುತ್ತಿದ್ದೇನೆ ಎಂದುಕೊಂಡಿದ್ದೆ. ಬರೆಯುತ್ತಿದ್ದೆನಂತೆ! ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡೆ. ಭೀಮಣ್ಣನಿಗೆ ಹೊಗೆ ಅಂದೆ.

ಅವಳು ನನ್ನ ಕೈಯ ಒಂದು ತುಂಡು ಬಟ್ಟೆಯನ್ನು ಅಧ್ಯಕ್ಷರಿಗೆ ಕೊಟ್ಟಳು. ಅವರು ನೋಡಿ, "ಇದು ಹಿಂಬದಿ ಇರಬೇಕು," ಎಂದು ತಿರುಗಿಸಿದರು. ಆ ಕಡೆಯೂ ಅದೇ ಗೋಪುರ. ಮತ್ತೆ ತಿರುಗಿಸಿದರು, ಅದೇ ಗೋಪುರ. ಸಭೆಯಲ್ಲಿ ನಗು ಎದ್ದಿತು.

"ದಾರದ ಗಂಟು ಎಲ್ಲಿದೆಯಮ್ಮಾ ಇದಕ್ಕೆ? ಗಂಟಿಲ್ಲದೆ ದಾರ ಹೇಗೆ ನಿಂತಿದೆ? ಎರಡೂ ಕಡೆ ಒಂದೇ ಆಗುವುದಕ್ಕೆ ಆಧಾರವೇನು?"

ಸುಶೀಲಾ ಬಾಗಿಲ ಕಡೆಗೆ ಕೈ ತೋರಿಸಿದಳು. "ಆಧಾರ ಅಲ್ಲಿ ನಿಂತಾರ್ರಿ. ನಮ್ಮ ಆಯಿ."

ಪಟ್ಟದ ವರ್ಷದ ಮುದುಕರಲ್ಲಿ ಇನ್ನೊಬ್ಬರು ತಟ್ಟನೆ, "ಇವರ ಕಾಲ ಯಾವುದ್ರಿ?" ಅಂದುಬಿಟ್ಟರು. "ನಿಮ್ಮ ರಾಜಗಿಂತ ಈಚೇದು!" ಅಂದೆ. ಅಷ್ಟು ಮಂದಿಯ ಎದುರಿಗೆ ನನ್ನ ಬಾಯಿಂದ ಹೇಗೆ ಬಂತೋ ಏನೋ. ಎಲ್ಲರಿಗಿಂತ ಜೋರಾಗಿ ಆ ಮುದುಕರೇ ನಕ್ಕರು.

ಬಾಯಿಯಲ್ಲಿ ಹೇಳಲು ಬರಲಿಲ್ಲ. ಸಭೆಯ ಒಳಗೆ ಹೋಗಿ ಮೇಜಿನ ಹತ್ತಿರ ಕೂತು, ಸೊಂಟದ ಚೀಲದಲ್ಲಿದ್ದ ಸೂಜಿ ತೆಗೆದು ಮಾಡಿಯೇ ತೋರಿಸಿದೆ. ನೋಡಿರಿ, ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡಬೇಕು, ಮತ್ತೆ ಒಂದು ಹಾಕಿ ಒಂದು ಬಿಡಬೇಕು. ಇರುವೆ ಸಾಲಿನ ಹಾಗೆ ಕಾಣುತ್ತದೆ. ಆಗ ಯಾರಾದರೂ ನೋಡಿದರೆ ಇದು ಏನೂ ಅಲ್ಲವೆನ್ನುತ್ತಾರೆ. ತುದಿ ಮುಟ್ಟಿದ ಮೇಲೆ ಅದೇ ದಾರಿ ಹಿಡಿದು ಹಿಂದಕ್ಕೆ ಬರಬೇಕು. ಬರುವಾಗ ಬಿಟ್ಟ ಜಾಗವೆಲ್ಲ ತುಂಬುತ್ತದೆ. ಹೋಗುವಾಗ ಎಣಿಕೆ ತಪ್ಪಿದ್ದರೆ ಬರುವಾಗ ದಾರಿ ಸಿಗುವುದಿಲ್ಲ, ಪೂರಾ ಬಿಚ್ಚಬೇಕು. ಅಧ್ಯಕ್ಷರು ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು. ಅವರ ಹಿಂದೆ ಎಲ್ಲರೂ ಬಂದರು. ನನ್ನ ತಲೆಯ ಮೇಲೆ ರುಮಾಲುಗಳ ಮಾಡು ಕಟ್ಟಿದಂತಾಯಿತು. ನಾನು ಅವಸರ ಮಾಡುತ್ತಿದ್ದುದನ್ನು ಕಂಡು ಅಧ್ಯಕ್ಷರು, "ನಿಧಾನವಾಗಿ ಮಾಡಿ ತಾಯಿ. ಅನ್ನ ಆಗುವ ತನಕ ಪುರುಸೊತ್ತಿದೆ," ಅಂದರು.

ತಾಯಿ ಎಂದರಲ್ಲ, ಅದನ್ನು ತಡೆಯಲು ಆಗಲಿಲ್ಲ. ಸೂಜಿ ನಿಂತಿತು.

"ಅನ್ನ ಆಗಿ ಅರ್ಧಾ ತಾಸು ಆತ್ರಿ," ಅಂದೆ. "ನಾನೇ ತಡದೀನಿ. ಭೀಮಣ್ಣಂದು ಏನೂ ತಪ್ಪಿಲ್ಲರಿ." ಸೆರಗಿನಿಂದ ಬಡಿಗೆ ತೆಗೆದು ಮೇಜಿನ ಮೇಲೆ ಇಟ್ಟೆ.

ಸುಶೀಲಾ ತನ್ನ ಕಾಗದಗಳನ್ನು ಮಡಚತೊಡಗಿದಳು. ಅಧ್ಯಕ್ಷರು ಬಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಾರ್ಯಕ್ರಮ ಪತ್ರಿಕೆಯ ಕೊನೆಯ ಸಾಲನ್ನು ಹುಡುಕಿ ಓದಿಕೊಂಡರು. ಬಹಳ ಹೊತ್ತು ಓದಿದರು, ಇರುವುದೇ ಎರಡು ಶಬ್ದ.

"ತಪ್ಪು ನಮ್ಮದು," ಅಂದರು. "ಇದನ್ನು ಮೊದಲನೆಯ ದಿನವೇ ಇಡಬೇಕಾಗಿತ್ತು."

ಆಮೇಲೆ ತಾವೇ ಹೋಗಿ ಗಂಟೆ ಬಾರಿಸಿದರು. ಅನ್ನ ಮುದ್ದೆಯಾಗಿತ್ತು. ಪಟ್ಟದ ವರ್ಷದ ಇಬ್ಬರೂ ಅಕ್ಕಪಕ್ಕ ಕೂತು, ಹಲ್ಲಿಲ್ಲದವರಿಗೆ ಇಂಥ ಅನ್ನವೇ ಛಲೋ ಅಂದರಂತೆ. ಮೂರು ದಿನದಲ್ಲಿ ಇಬ್ಬರೂ ಒಪ್ಪಿಕೊಂಡ ಮಾತು ಅದೊಂದೇ. ಭೀಮಣ್ಣನ ಹೆಸರೂ ಉಳಿಯಿತು.

ಸಂಜೆ, ನಮ್ಮ ಕಡೆಗೂ ಒಂದು ವಿಶ್ವವಿದ್ಯಾಲಯ ಆಗಬೇಕೆಂದು ಎಲ್ಲರೂ ಕೈ ಎತ್ತಿ ಗೊತ್ತುವಳಿ ಮಾಡಿದರು. ನಾನೂ ಎತ್ತಿದೆ, ಎರಡೂ ಕೈ. ಅದಾದ ಮೇಲೆ ಅಚ್ಚು ಹಾಕುವ ಪ್ರಬಂಧಗಳ ಹೆಸರು ಓದಿದರು. ಕನ್ನಡಕ ಒರೆಸಿದ್ದು ಆಗಲೇ. ಮನೆಗೆ ಬರುವ ದಾರಿಯಲ್ಲಿ ಸುಶೀಲಾ ಹೇಳಿದಳು, ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಸಂಗತಿಯನ್ನು ಹೇಳಿದವರು ಇಂಥವರು ಎಂದು ನನ್ನ ಹೆಸರೂ ಬರುತ್ತದಂತೆ. ಸಣ್ಣ ಅಕ್ಷರವಾದರೇನು, ಸೂಜಿಯ ಕಣ್ಣು ಕಾಣುವವರೆಗೆ ನನಗೆ ಅದೂ ಕಾಣುತ್ತದೆ.

ನಮ್ಮ ಮನೆಯ ಊಟದ ಪದ್ಧತಿ ನಿಮ್ಮ ಮನೆಯದೇ ಇರಬೇಕು. ಗಂಡಸರು ಮೊದಲು, ಆಮೇಲೆ ಸೊಸೆ ಮತ್ತು ಮೊಮ್ಮಗಳು, ಎಲ್ಲರದೂ ಆದ ಮೇಲೆ ನಾನು, ಗಡಿಗೆಯ ತಳ ಕೆರೆದುಕೊಂಡು. ನಿನ್ನೆ ಸುಶೀಲಾ ಮನೆಗೆ ಬಂದವಳೇ ಸಭೆಯ ಕತೆಯನ್ನೆಲ್ಲ, ನಾನು ಹೊಲಿಗೆ ತೋರಿಸಿದ್ದನ್ನೂ ಅಜ್ಜನಿಗೆ ಹೇಳಿದ್ದಳು. ರಾತ್ರಿ ನಾನು ಬಡಿಸಲು ಸೆರಗು ಸಿಗಿಸಿಕೊಂಡು ಬಂದರೆ, ನಮ್ಮ ಮನೆಯವರು ಮತ್ತು ಮಗ ಪಂಕ್ತಿಯಲ್ಲಿ ಒಬ್ಬರಿಗೊಬ್ಬರು ದೂರ ಕೂತಿದ್ದರು. ನಡುವೆ, ಆಚೆಗೆ, ಈಚೆಗೆ ಖಾಲಿ ಮಣೆಗಳು. ಮಗ ತನ್ನ ಹೆಂಡತಿಯನ್ನೂ ಸುಶೀಲಾಳನ್ನೂ ಕರೆದು ಕೂಡಿಸಿದ. ಒಂದು ಮಣೆ ಉಳಿಯಿತು.

"ಹಿಂಗ್ಯಾಕ ಕುಂತೀರಿ?" ಅಂದೆ.

"ಜಾಗಾ ಬಿಟ್ಟೇವಿ," ಅಂದರು ನಮ್ಮ ಮನೆಯವರು, ನನ್ನ ಮುಖ ನೋಡದೆ, ತಾಟು ಸರಿಸುತ್ತ. "ಬರ್ರಿ ಪಂಡಿತರ, ಕೂಡ್ರಿ."

"ಮತ್ತ ಬಡಸೂದು ಯಾರು?"

"ಗಡಿಗಿ ನಡುವ ಇಡು. ಕೈ ಎಲ್ಲಾರಿಗೂ ಅದಾವು."

ಕೂತೆ. ಮಗನೇ ನನ್ನ ತಾಟಿಗೆ ಅನ್ನ ಹಾಕಿದ, ಸೊಸೆ ತುಪ್ಪ ಬಿಟ್ಟಳು. ಸುಶೀಲಾ ನಗುತ್ತಿದ್ದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನೂ ವೇಳೆ ಉಳಿದರೆ ಉಣ್ಣುವವಳೇ ಆಗಿದ್ದೆ, ಆದರೆ ನನಗೆ ಅದು ಎಲ್ಲಿಯೂ ಅಚ್ಚಾಗಿ ಕಂಡಿರಲಿಲ್ಲ. ಮೊದಲ ತುತ್ತಿಗೇ ನಾಲಿಗೆ ಸುಟ್ಟಿತು. ಅನ್ನ ಇಷ್ಟು ಬಿಸಿ ಇರುತ್ತದೆಂದು ಮರೆತೇ ಹೋಗಿತ್ತು.