ಬಾಗೇವಾಡಿಯಲ್ಲಿ ಅಕ್ಕ ಮಾಡಿದ ಭಾಷಣ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಒಂದು ದಿನ ಪೂರ್ತಿ ಹೆದರಿಕೆಯಲ್ಲೇ ಕಳೆದಿದ್ದೆ. ಆಗ ನನಗೆ ಒಂಬತ್ತು ವರ್ಷ. ಮುಳವಾಡದ ಹತ್ತಿರದ ನಮ್ಮ ಹಳ್ಳಿಯಿಂದ ಅಪ್ಪ, ಅಕ್ಕ, ನಾನು ಬಸವನ ಬಾಗೇವಾಡಿಗೆ ಹೊರಟಿದ್ದೆವು. ಅಲ್ಲಿನ ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆ ಇತ್ತು. ‘ಈ ಜಗತ್ತು ಹೇಗೆ ಹುಟ್ಟಿತು?’ ಎಂಬುದು ಅದರ ವಿಷಯ. ಒಂಬತ್ತನೆಯ ಇಯತ್ತೆಯಲ್ಲಿದ್ದ ಅಕ್ಕ ನಮ್ಮ ಶಾಲೆಯ ಪರವಾಗಿ ಮಾತನಾಡುವವಳಿದ್ದಳು.

ಆ ಭಾಷಣವನ್ನು ಅಪ್ಪನೇ ಅವಳಿಗೆ ಹೇಳಿಕೊಟ್ಟಿದ್ದರು. ಅಪ್ಪ ಹೆಚ್ಚು ಓದಿದವರಲ್ಲ, ಆದರೆ ದೇವರ ವಿಷಯದಲ್ಲಿ ಅವರಿಗೆ ಬಾಯಿಪಾಠ ಇಲ್ಲದ್ದು ಯಾವುದೂ ಇರಲಿಲ್ಲ. ದಿನವೂ ಬೆಳಿಗ್ಗೆ ತಣ್ಣೀರು ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಕೋಣೆಯ ಬಾಗಿಲು ಹಾಕಿ ಕುಳಿತರೆ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಒಳಗಿನಿಂದ ಅವರು ಗುಣುಗುಣು ಮಾತಾಡುವುದು ಕೇಳುತ್ತಿತ್ತು. ಮೊದಲು ಬರೀ ಬಯಲಿತ್ತು, ಆ ಬಯಲಿನಲ್ಲಿ ಶಿವನಿಗೆ ಒಂದು ನೆನಪು ಹುಟ್ಟಿತು, ಆ ನೆನಪೇ ಗಾಳಿಯಾಯಿತು, ಬೆಂಕಿಯಾಯಿತು, ನೀರಾಯಿತು, ಮಣ್ಣಾಯಿತು ಎಂದು ಅವರು ಅಕ್ಕನಿಗೆ ಹೇಳಿಕೊಟ್ಟಿದ್ದರು. ಅವರು ಹೇಳುವಾಗ ನಮ್ಮ ಅಂಗಳದ ಮಣ್ಣೂ ಈಗಷ್ಟೇ ಹುಟ್ಟಿದೆಯೇನೋ ಅನ್ನಿಸುತ್ತಿತ್ತು.

ಆದರೆ ಅಕ್ಕನ ತಲೆಯಲ್ಲಿ ಬೇರೆಯೇ ಭಾಷಣ ಇತ್ತು. ಅದು ನನ್ನೊಬ್ಬನಿಗೆ ಗೊತ್ತಿತ್ತು. ಹೊಲದಲ್ಲಿ ಜೋಳ ತಿನ್ನುವ ಹಕ್ಕಿಗಳನ್ನು ಓಡಿಸಲು ಹಾಕಿದ್ದ ಅಟ್ಟದ ಮೇಲೆ ನಿಂತು ಅವಳು ಅದನ್ನು ನನ್ನೆದುರು ಹೇಳಿದ್ದಳು. ಎಲ್ಲವೂ ಒಂದು ಚುಕ್ಕಿಯಲ್ಲಿ ಅಡಕವಾಗಿತ್ತಂತೆ. ಅದು ಒಮ್ಮೆಲೇ ಹಿಗ್ಗಿ, ಹರಡಿ, ಸೂರ್ಯ ಚಂದ್ರ ನಕ್ಷತ್ರಗಳಾಯಿತಂತೆ. ಯಾರೂ ಮಾಡಿದ್ದಲ್ಲ, ತಾನೇ ಆದದ್ದು. ಇದನ್ನು ಕಲಿಸಿದವರು ಅವಳ ವಿಜ್ಞಾನದ ಮಾಸ್ತರು. ಅವರು ಗುಡಿಗೂ ಹೋಗುತ್ತಿರಲಿಲ್ಲ, ಮಠಕ್ಕೂ ಹೋಗುತ್ತಿರಲಿಲ್ಲ. ದೇವರಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಎಲ್ಲರೆದುರೇ ಹೇಳುತ್ತಿದ್ದರು.

ಅಕ್ಕನ ಮಾತು ಕೇಳಿದ ಮೇಲೆ ನನಗೆ ನಿದ್ದೆಯೇ ಸರಿಯಾಗಿ ಬರಲಿಲ್ಲ. ಓಣಿಯ ಟೇಲರ್ ಚಾಚಾನ ಬಳಿ ಹೋಗಿ ಕೇಳಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ, ದೇವರು ‘ಆಗು’ ಅಂದ, ಆಯಿತು ಎಂದರು. ಅವ್ವನನ್ನು ಕೇಳಿದರೆ, ಮೊದಲು ಎಮ್ಮೆಗೆ ನೀರು ಕುಡಿಸಿ ಬಾ ಎಂದಳು. ಯಾರ ಮಾತು ನಿಜ ಎನ್ನುವುದಕ್ಕಿಂತ ನನಗೆ ಇನ್ನೊಂದು ಚಿಂತೆ ದೊಡ್ಡದಾಗಿತ್ತು. ಸಿಂದಗಿಯ ಕಡೆಯಿಂದ ಅಕ್ಕನನ್ನು ಕೇಳಿಕೊಂಡು ಒಂದು ಸಂಬಂಧ ಬಂದಿತ್ತು. ಮಾಸ್ತರು ಮಕ್ಕಳ ತಲೆ ಕೆಡಿಸುತ್ತಾರೆ ಎಂದು ಯಾರೋ ಚಾಡಿ ಹೇಳಿದಾಗ, ಹಾಗೇನಾದರೂ ಇದ್ದರೆ ಮಗಳ ಶಾಲೆ ಬಿಡಿಸಿ ಮದುವೆ ಮಾಡಿಬಿಡುತ್ತೇನೆ ಎಂದು ಅಪ್ಪ ಅವ್ವನ ಮುಂದೆ ಅಂದದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಬಸ್ಸಿನಲ್ಲಿ ಕೊಲ್ಹಾರದ ಸಂತೆಗೆ ಹೋಗಿಬಂದವರ ಒಣಮೀನು, ಬೀಡಿ, ಡೀಸೆಲ್ಲಿನ ವಾಸನೆ. ಅಪ್ಪ ಹೊಸ ರುಮಾಲು ಸುತ್ತಿಕೊಂಡು, ಪಕ್ಕದವರಿಗೆಲ್ಲ ಮಗಳು ದೇವರ ಮೇಲೆ ಭಾಷಣ ಮಾಡುತ್ತಾಳೆ ಎಂದು ಹೇಳುತ್ತಿದ್ದರು. ಅಕ್ಕ ಕಿಟಕಿಯ ಹೊರಗೆ ಕರಿ ಎರೆ ಹೊಲಗಳನ್ನು ನೋಡುತ್ತಿದ್ದಳು. ನಾನು ಅವಳ ಕಿವಿಯಲ್ಲಿ, ಅಪ್ಪ ಕಲಿಸಿದ್ದನ್ನೇ ಹೇಳಿಬಿಡು ಎಂದು ಬೇಡಿಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡಳು.

ಹೈಸ್ಕೂಲಿನ ಸಭಾಂಗಣ ತುಂಬಿತ್ತು. ಮೈಕು ಆಗಾಗ ಕುಂಯ್ ಎಂದು ಅರಚುತ್ತಿತ್ತು. ಅಕ್ಕನ ಸರದಿ ಬಂದಾಗ ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತರು. ‘ಮೊದಲು ಬರೀ ಬಯಲಿತ್ತು’ ಎಂದು ಅಕ್ಕ ಶುರುಮಾಡಿದಳು. ಅಪ್ಪನ ತುಟಿಗಳೂ ಅವಳ ಜೊತೆಗೇ ಅಲುಗುತ್ತಿದ್ದವು. ನನಗೆ ಹೋದ ಜೀವ ಬಂದಂತಾಯಿತು. ಶಿವನ ನೆನಪು, ಗಾಳಿ, ಬೆಂಕಿ, ಎಲ್ಲವನ್ನೂ ಅವಳು ಒಂದಕ್ಷರ ತಪ್ಪದೆ ಹೇಳಿದಳು. ಆಮೇಲೆ ಅಪ್ಪನ ಕಡೆ ನೋಡಿದಳು.

‘ಇದು ನಮ್ಮ ಅಪ್ಪ ನಂಬಿದ್ದು. ನಾನು ನಂಬುವುದು ಬೇರೆ’ ಎಂದಳು.

ಚುಕ್ಕಿಯ ಕಥೆ ಹೇಳಿದಳು. ಇದನ್ನು ಯಾರೂ ಮಾಡಿದ್ದಲ್ಲ ಎಂದೂ ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನು ಪಕ್ಕಕ್ಕೆ ತಿರುಗಿ ನೋಡಿದರೆ ಅಪ್ಪನ ಕುರ್ಚಿ ಖಾಲಿಯಾಗಿತ್ತು.

ನಾನು ಹೊರಗೆ ಓಡಿದೆ. ಅಪ್ಪ ಗುಡಿಗೆ ಹೋಗಿರಬೇಕು ಎಂದುಕೊಂಡೆ. ಗುಡಿಯ ಕಲ್ಲುಹಾಸು ಬಿಸಿಲಿಗೆ ಕಾದು ಅಂಗಾಲು ಸುಡುತ್ತಿತ್ತು. ಒಳಗೆಲ್ಲ ಹುಡುಕಿದೆ, ಅಪ್ಪ ಇರಲಿಲ್ಲ. ಚಹದ ಅಂಗಡಿಯಲ್ಲಿ ಇರಲಿಲ್ಲ. ನಮ್ಮನ್ನು ಬಿಟ್ಟು ಊರಿಗೆ ಹೋಗಿಬಿಟ್ಟರೇ? ಅಥವಾ ಅಲ್ಲಿಂದಲೇ ಸಿಂದಗಿಯ ಬಸ್ಸು ಹತ್ತಿ ಮದುವೆಯ ಮಾತಾಡಲು ಹೋದರೇ? ಅಳುತ್ತಾ ಬಸ್ ನಿಲ್ದಾಣಕ್ಕೆ ಬಂದರೆ, ಮೂಲೆಯ ಕಲ್ಲಿನ ಮೇಲೆ ರುಮಾಲು ತೊಡೆಯ ಮೇಲಿಟ್ಟುಕೊಂಡು ಅಪ್ಪ ಕುಳಿತಿದ್ದರು. ಅಕ್ಕ ನನಗಿಂತ ಮೊದಲೇ ಬಂದು ಅವರೆದುರು ನಿಂತಿದ್ದಳು. ಅಪ್ಪ ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅಪ್ಪ ತಲೆ ಎತ್ತದೆಯೇ ಹೇಳಿದರು: ‘ನಿಮ್ಮ ಮಾಸ್ತರ ಹೇಳಿದ್ದು ಖರೆ ಇರಬಹುದು. ನನಗ ತಿಳಿಯೂದಿಲ್ಲ. ನಿನ್ನ ದೊಡ್ಡ ತಮ್ಮ ಜ್ವರದಾಗ ಹ್ವಾದಾಗಿಂದ ನಾ ದಿನಾ ಬಾಗಲಾ ಹಾಕ್ಕೊಂಡು ದೇವರ ಜೋಡಿ ಜಗಳಾ ಮಾಡ್ತೇನಿ. ಯಾಕ ಕೊಟ್ಟಿ, ಯಾಕ ಕಸಗೊಂಡಿ ಅಂತ ಕೇಳ್ತೇನಿ. ಇದನ್ನೆಲ್ಲಾ ಮಾಡಿದಾಂವನ ಇಲ್ಲ ಅಂದ್ರ, ನಾ ಇನ್ನ ಯಾರ ಜೋಡಿ ಜಗಳಾ ಮಾಡ್ಲಿ?’

ನನಗಿಂತ ದೊಡ್ಡವನೊಬ್ಬ ಅಣ್ಣ ಇದ್ದ, ನಾನು ತೊಟ್ಟಿಲಲ್ಲಿದ್ದಾಗ ಮೂರು ವರ್ಷದವನಾಗಿ ತೀರಿಕೊಂಡ ಎಂದು ಅವ್ವ ಒಮ್ಮೆ ಹೇಳಿದ್ದಳು. ಅಪ್ಪನ ಬಾಯಲ್ಲಿ ಅವನ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ಅಪ್ಪನ ಪಕ್ಕದಲ್ಲಿ ಕುಳಿತಳು. ‘ನನ್ನ ಜೋಡಿ ಮಾಡು, ಅಪ್ಪಾ’ ಎಂದಳು.

ಊರಿನ ಬಸ್ಸು ಬಂತು, ಹತ್ತಿದೆವು. ಅಪ್ಪ ಬುತ್ತಿಯ ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ನನಗೆ ಕೊಟ್ಟರು, ತಾವು ತಿನ್ನಲಿಲ್ಲ. ಬಹುಮಾನ ಯಾರಿಗೆ ಬಂತು ಎಂದು ನಾವು ಮೂವರೂ ಕೇಳದೆ ಬಂದಿದ್ದೆವು. ಅರ್ಧ ದಾರಿ ಕಳೆದ ಮೇಲೆ ಅಪ್ಪ ಅಕ್ಕನ ಕಡೆ ತಿರುಗಿದರು.

‘ಆ ಚುಕ್ಕಿ ಅಂದೆಲ್ಲ, ಅದಕ್ಕೂ ಮೊದಲ ಏನಿತ್ತು?’

‘ಮಾಸ್ತರಿಗೂ ಗೊತ್ತಿಲ್ಲಂತ.’

‘ಗೊತ್ತಿಲ್ಲ ಅಂತ ಅವರ ಹೇಳಿದ್ರೇನು?’

‘ಹೂಂ.’

ಅಪ್ಪ ಸ್ವಲ್ಪ ಯೋಚಿಸಿ, ‘ಹಂಗಾರ ಶ್ಯಾಣ್ಯಾ ಮನಷ್ಯಾ ಅದಾರ’ ಎಂದರು.

ಆದರೂ ನನ್ನ ಭಯ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಪಾಟಿಚೀಲ ಮುಟ್ಟದೆ ಒಲೆಯ ಮುಂದೆ ಕುಳಿತಿದ್ದಳು. ಅಪ್ಪ ಎಂದಿನಂತೆ ಮಿಂದು ದೇವರ ಕೋಣೆಗೆ ಹೋದರು. ಆದರೆ ಅಂದು ಬಾಗಿಲು ಹಾಕಲಿಲ್ಲ. ಒಳಗಿನಿಂದಲೇ, ‘ಸಾಲಿ ಹೊತ್ತಾತು’ ಎಂದರು. ಅಕ್ಕ ಎದ್ದು ಶಾಲೆಗೆ ಓಡಿದಳು. ಸಿಂದಗಿಯವರಿಗೆ, ಹುಡುಗಿ ಇನ್ನೂ ಓದುತ್ತಾಳೆ ಎಂದು ಹೇಳಿ ಕಳಿಸಿದರು. ಅಪ್ಪ ಕೊನೆಯವರೆಗೂ ಪೂಜೆ ಬಿಡಲಿಲ್ಲ, ಅಕ್ಕ ಕೊನೆಯವರೆಗೂ ಕೈ ಮುಗಿಯಲಿಲ್ಲ. ಪೂಜೆಗೆ ಹೂ ಬಿಡಿಸಿಕೊಡುತ್ತಿದ್ದವಳು ಮಾತ್ರ ಅವಳೇ. ಇಬ್ಬರೂ ಜಗಳ ಮಾಡುತ್ತಿದ್ದರು, ಮನೆ ತುಂಬ ಕೇಳುವ ಹಾಗೆ.

ಈಗ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದಿದೆ, ಜೋಳ ಇದ್ದಲ್ಲಿ ಕಬ್ಬು ನಿಂತಿದೆ. ನೀವು ಊಟದ ನಡುವೆಯೇ, ಜಗತ್ತನ್ನು ಯಾರು ಮಾಡಿದರು ಎಂದು ಕೇಳುತ್ತೀರಿ. ನಿಮ್ಮ ಅಜ್ಜಿ ದೇವರು ಎನ್ನುತ್ತಾಳೆ, ನಿಮ್ಮ ಅಪ್ಪ ಯಾರೂ ಅಲ್ಲ ಎನ್ನುತ್ತಾನೆ, ಯಾರ ಕೈಯ ತುತ್ತೂ ನಿಲ್ಲುವುದಿಲ್ಲ. ಮೊನ್ನೆ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಮೊಬೈಲನ್ನೇ ಕೇಳಿದಳು. ನಾನು ಕನ್ನಡಕ ಹುಡುಕುವುದರೊಳಗೆ ಅದು ಉತ್ತರ ಹೇಳಿ ಮುಗಿಸಿತ್ತು. ಅವಳು ಅದನ್ನು ಬದಿಗಿಟ್ಟು, ‘ಅಜ್ಜಾ, ನಿನಗ ಏನ ಅನಸ್ತದ?’ ಎಂದಳು. ನನ್ನ ಬಾಲ್ಯದಲ್ಲಿ ಈ ಮಾತನ್ನು ಯಾರೂ ಯಾರಿಗೂ ಕೇಳುತ್ತಿರಲಿಲ್ಲ. ಈ ವಯಸ್ಸಿನಲ್ಲೂ ನನಗೆ ಅಂದಿನ ಹೆದರಿಕೆಯೇ ಬಂತು. ನನಗೆ ಇನ್ನೂ ಗೊತ್ತಾಗಿಲ್ಲ ಮಗಳೇ ಎಂದೆ. ಅವಳು ನನ್ನ ಪಕ್ಕಕ್ಕೆ ಸರಿದು ಕುಳಿತು, ತನಗೂ ಗೊತ್ತಾಗಿಲ್ಲ ಎಂದಳು.